ಶ್ರಾವಣದಲ್ಲಿ ನೇರಳೆ ಬೀಜ

೨೪ ಜುಲೈ ೧೯೭೮, ಸೋಮವಾರ

ಸ್ನಾನ, ಪೂಜೆ, ಆಮೇಲೆ ಪುಡಿ. ನೇರಳೆ ಬೀಜ, ಒಣ ನೆಲ್ಲಿಕಾಯಿ. ಹೆಂಡತಿ ಗುರುಲಿಂಗಮ್ಮ ಕುಟ್ಟಿ, ಅರಿವೆಯಲ್ಲಿ ಸೋಸಿ ಇಡುತ್ತಾಳೆ. ಬಿಸಿನೀರಲ್ಲಿ ಕಲಸಿ ಕುಡಿದರೆ ಬಾಯೆಲ್ಲ ಒಗರು. ಶಾಲೆ ಎರಡು ಓಣಿ ಆಚೆ, ಮುಟ್ಟುವಷ್ಟರಲ್ಲಿ ಸಾಕೋ ಸಾಕು.

ಗುಲಬರ್ಗಾದ ಸರ್ಜನ್ ಹರ್ನಿಯಾ ಕೊಯ್ಯಲೇಬೇಕು ಅಂದಿದ್ದಾರೆ. ಈ ದಪ್ಪ ಮೈಯಲ್ಲಿ ಮಾತ್ರ ಆಪರೇಷನ್ ಮಾಡುವುದಿಲ್ಲವಂತೆ. ಸೆಪ್ಟೆಂಬರ್ ಒಂದಕ್ಕೆ ತೊಂಬತ್ತು ಕಿಲೋದ ಒಳಗೆ ಬರಬೇಕು. ಅಲ್ಲಿಯವರೆಗೆ ಹೊಟ್ಟೆ ಬಿರಿಯುವಂತೆ ಉಣ್ಣಬಾರದು— ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಪುಡಿ ಶಹಾಬಾದಿನ ಹಕೀಮ ಅಬ್ದುಲ್ ಮಜೀದರು ಹೇಳಿದ್ದು. ಸರ್ಜನ್ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ತೊಗೋರಿ. ಒಗರಿನಾಗ ಟ್ಯಾನಿನ್ ಅಂತ ಇರ್ತದ, ಹಸಿವಿ ತುಸು ತಗ್ಗಬಹುದು. ಆದ್ರ ಅದು ಬರೇ ಆಸರ. ತಾಟಿನ್ಯಾಗಿಂದು ಕಮ್ಮಿ ಆಗಬೇಕು."

ತಾಟು. ಅದೊಂದು ನನ್ನ ಕೈಯಲ್ಲಿಲ್ಲ.

೫ ಆಗಸ್ಟ್, ಶನಿವಾರ

ಶ್ರಾವಣ ಶುರು. ಬೆಳಿಗ್ಗೆಯೇ ಮೂರು ಮನೆಯಿಂದ ಊಟಕ್ಕೆ ಕರೆ.

ಮಾಸ್ತರಿಕೆ ಸರಕಾರ ಕೊಟ್ಟದ್ದು, ಅಯ್ಯತನ, ಅಂದರೆ ಜಂಗಮನ ಕಾಯಕ, ಹುಟ್ಟಿನಿಂದ ಬಂದದ್ದು. ರಜೆ ಇರುವುದು ಮೊದಲನೆಯದಕ್ಕೆ ಮಾತ್ರ. ನಮ್ಮೂರು ದಂಡೋತಿಯಲ್ಲಿ ಭಕ್ತರ ಮನೆಗೆ ಜಂಗಮ ಹೋಗಿ ಉಂಡ ಮೇಲೆಯೇ ಮನೆಯವರ ಊಟ. ಬಡಿಸಿದ್ದು ಪ್ರಸಾದ, ಅಗುಳು ಬಿಡುವಂತಿಲ್ಲ. ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ನಾನು ಬೇಡ ಅಂದರೆ ಬಾಗಿಲಲ್ಲಿ ನಿಂತ ಮಕ್ಕಳೂ ಹಸಿದಿರಬೇಕು. ಈ ಹೊಟ್ಟೆ ನನ್ನೊಬ್ಬನ ದುಡಿಮೆಯಲ್ಲ, ಊರೆಲ್ಲ ಸೇರಿ ಬೆಳೆಸಿದ್ದು.

ಈ ಸಲ ಒಪ್ಪತ್ತು ಹಿಡಿದಿದ್ದೇನೆ ಅಂತ ಹೇಳಿದೆ. ದಿನಕ್ಕೆ ಒಂದೇ ಮನೆ. ವ್ರತ ಅಂದರೆ ಯಾರೂ ಮಾತಾಡುವುದಿಲ್ಲ.

೧೩ ಆಗಸ್ಟ್, ಭಾನುವಾರ

ಶಹಾಬಾದ್ ಸ್ಟೇಷನ್. ಪಾರ್ಸಲ್ ಆಫೀಸಿನ ಮುನಾಫ ತೂಕದ ಕಾಟಾದ ಮೇಲೆ ನಿಲ್ಲಿಸಿದ. "ಮಾಸ್ತರ್, ಯಾವ ಸ್ಟೇಷನ್‌ಗಿ ಬುಕ್ ಮಾಡ್ಲಿ?" ತೊಂಬತ್ನಾಲ್ಕು ಕಿಲೋ. ಇಳಿದಿದೆ.

ಹಕೀಮರು ನಾಡಿ ಹಿಡಿದು ಕೇಳಿದರು, "ಹಸಿವಿ ಹ್ಯಾಂಗದ?"

"ಇಲ್ಲೇ ಇಲ್ಲ. ಆದ್ರೂ ಉಣ್ಣಾಕತ್ತೀನಿ."

"ಹಸಿವಿಗಿ ದವಾ ಅದ ಅಯ್ನೋರೆ. ಮುಲಾಜಿಗಿ ಇಲ್ಲ."

ಬಸ್ಸಿನಲ್ಲಿ ಇಡೀ ದಾರಿ ಅದೇ ಯೋಚನೆ. ವಯಸ್ಸು ಐವತ್ತು ದಾಟಿತು, ಹಸಿವಾಗಿ ಉಂಡದ್ದು ನೆನಪಿಲ್ಲ.

೨೧ ಆಗಸ್ಟ್, ಸೋಮವಾರ

ಇವತ್ತು ಲಲಿತಾಬಾಯಿಯ ಮನೆ. ಗಂಡ ಹೋಗಿ ವರ್ಷವಾಯಿತು, ಮನೆಯಲ್ಲಿ ಅವಳು ಮತ್ತು ಮದುವೆಗೆ ಬಂದ ಮಗಳು. ಹೋಳಿಗೆ, ತುಪ್ಪ, ಅನ್ನ, ಕಟ್ಟಿನ ಸಾರು. ಮುಂಜಾನೆ ಪುಡಿ ಹೆಚ್ಚೇ ಕುಡಿದಿದ್ದೆ. ಒಂದು ಹೋಳಿಗೆಗೆ ಗಂಟಲು ಕಟ್ಟಿತು. ಎರಡನೆಯದು ಹಾಗೇ ಬಿಟ್ಟು ಕೈತೊಳೆದೆ.

"ಏನರೆ ತಪ್ಪಾತೇನ್ರಿ ಅಯ್ನೋರೆ?" ಅಂದಳು. ಏನಿಲ್ಲವ್ವ, ಅಂದೆ.

ನಿನ್ನೆ ಗೌಡರ ಮನೆಯಲ್ಲೂ ಗಂಟಲು ಕಟ್ಟಿತ್ತು. ಅಲ್ಲಿ ನುಂಗಿದೆ. ಬಿಟ್ಟು ಏಳುವ ಧೈರ್ಯ ಬಂದದ್ದು ಈ ಬಡವಿಯ ಮನೆಯಲ್ಲಿ. ನಾಚಿಕೆಯಾಗುತ್ತಿದೆ.

೨೫ ಆಗಸ್ಟ್, ಶುಕ್ರವಾರ

ಗುರುಲಿಂಗಮ್ಮ ನೀರಿಗೆ ಹೋದಲ್ಲಿ ಕೇಳಿ ಬಂದಳು. ಅಯ್ನೋರು ಪ್ರಸಾದ ಬಿಟ್ಟು ಎದ್ದರಂತೆ. ಆ ಮನೆಯಲ್ಲಿ ಏನೋ ಕಳಂಕ ಇದೆಯಂತೆ. ತಾಯಿಯದೋ, ಮಗಳದೋ— ಅದನ್ನೂ ಊರೇ ಹೇಳುತ್ತಿದೆ. ಮಾತು ಐನಾಪುರ ಮುಟ್ಟಿದೆ. ಹುಡುಗಿಯನ್ನು ಒಪ್ಪಿದ್ದ ಅಲ್ಲಿನ ಬೀಗರು ಈಗ "ಸೋಮವಾರ ಬಂದು ಇನ್ನೊಮ್ಮಿ ನೋಡ್ತೀವಿ" ಅಂದಿದ್ದಾರೆ.

ನನಗೆ ಹೊಟ್ಟಿ ಬ್ಯಾನಿ ಅದ, ಅಂತ ಸಿಕ್ಕವರಿಗೆಲ್ಲ ಹೇಳಿದೆ. ಅಯ್ನೋರು ದೊಡ್ಡ ಮನಸಿನವರು, ಮುಚ್ಚಾಕತ್ತಾರ, ಅಂದರು.

೨೭ ಆಗಸ್ಟ್, ಭಾನುವಾರ. ಸಂಜೆ

ಕಾಟಾದಲ್ಲಿ ತೊಂಬತ್ತೊಂದು. ಇನ್ನು ಒಂದೇ ಒಂದು. ಮುನಾಫ ಚಹಾ ತರಿಸಿದ, ಸಕ್ಕರೆ ಇಲ್ಲದ್ದು.

ಹರ್ನಿಯಾದ ಗಂಟು ಮಧ್ಯಾಹ್ನದಿಂದ ಬಿಗಿಯಾಗಿದೆ. ಮಲಗಿ ಒತ್ತಿದರೆ ಒಳಗೆ ಹೋಗುತ್ತದೆ, ತಡವಾಗಿ.

ಲಲಿತಾಬಾಯಿ ಬಂದಿದ್ದಳು. ಒಳಗೆ ಬರಲಿಲ್ಲ. ನಾಳೆ ಬರ್ರಿ ಅನ್ನಲೂ ಇಲ್ಲ. ಕಟ್ಟೆಯ ಕೆಳಗೆ ನಿಂತು ಕಣ್ಣೊರೆಸಿಕೊಂಡು ಹೋದಳು.

"ನಾಳಿಗಿ ಬೀಗರ ಮುಂದ ಅವ್ರ ಮನಿಗಿ ಹೋಗ್ತೀನಿ" ಅಂದೆ.

ಗುರುಲಿಂಗಮ್ಮ ಕುಟ್ಟುವುದು ನಿಲ್ಲಿಸಿದಳು. "ಹೋದ್ರ ಉಣಬೇಕಾಗ್ತದ್ರಿ."

"ಹೂಂ."

"ಶುಕ್ರವಾರ ಒಂದನೆ ತಾರೀಖು, ಅದು ದಾಟ್ಲಿ. ನಾ ಹೋಗಿ ಬೀಗರ ಕಾಲು ಹಿಡೀತೀನಿ."

ಶುಕ್ರವಾರದವರೆಗೆ ಬೀಗರು ಕಾಯುವುದಿಲ್ಲ. ಅವಳಿಗೂ ಗೊತ್ತು. ಮತ್ತೆ ಕುಟ್ಟತೊಡಗಿದಳು. ಇವಳಿಗೆ ನಾನು ಭಾಳ ದಣಿವು ಕೊಟ್ಟೆ.

೨೮ ಆಗಸ್ಟ್, ಸೋಮವಾರ

ಉಂಡೆ. ಬೀಗರು ಎದುರಿಗೆ ಸಾಲಾಗಿ ಕೂತು ನನ್ನ ತಾಟನ್ನೇ ನೋಡುತ್ತಿದ್ದರು. ಹೋಳಿಗೆ, ಹುಗ್ಗಿ, ಅನ್ನ... ಮುಗಿದ ಮೇಲೆ "ಇನ್ನೊಂದು ಹೋಳಿಗಿ ಹಾಕವ್ವಾ" ಅಂದೆ. ಜನ್ಮದಲ್ಲಿ ಯಾರ ಮನೆಯಲ್ಲೂ ಕೇಳಿ ಹಾಕಿಸಿಕೊಂಡವನಲ್ಲ. ಲಲಿತಾಬಾಯಿ ತಂದು ಹಾಕಿದಳು. ತಾಟು ತೊಳೆದು ಕುಡಿದೆ.

ಹುಡುಗನ ತಂದೆ ಎದ್ದು ಬಂದು ಕಾಲಿಗೆ ಬಿದ್ದ. ಅಲ್ಲೇ ಎಲೆ ಅಡಿಕೆ ಬದಲಾಯಿತು. ಹುಡುಗಿ ಒಳಗಿನಿಂದ ಇಣುಕಿದ್ದು ಕಂಡಿತು.

ಮನೆಗೆ ನಡೆದು ಬರುವಾಗ ಎರಡು ಕಡೆ ಕೂತೆ. ಖುಷಿಯಾಗಿದೆ. ಹೆದರಿಕೆಯೂ.

೨೯ ಆಗಸ್ಟ್. ನಸುಕು

ಗಂಟು ಒಳಗೆ ಹೋಗುತ್ತಿಲ್ಲ. ಎರಡು ಸಲ ವಾಂತಿ. ಗೌಡರ ಜೀಪು ಬರುತ್ತಿದೆ, ಗುಲಬರ್ಗಾಕ್ಕೆ. ಗುರುಲಿಂಗಮ್ಮ ಅಳುತ್ತಲೇ ಚೀಲ ತುಂಬುತ್ತಿದ್ದಾಳೆ, ಪುಡಿಯ ಡಬ್ಬಿಯನ್ನೂ ಹಾಕಿದಳು.

ಅಂಗಳದಲ್ಲಿ ಆಗಲೇ ಜನ. ನಿನ್ನೆ ಎಲ್ಲಿ ಉಂಡರು, ಅಂತ ಯಾರೋ ಕೇಳಿದ್ದು ಕೇಳಿಸಿತು. ಲಲಿತಾಬಾಯಿಯ ಮನೆ ಅಂತ ಯಾರಾದರೂ ಉತ್ತರ ಕೊಡುತ್ತಾರೆ.

ನೋವು ಮೊನ್ನೆ ಭಾನುವಾರವೇ ಶುರುವಾಗಿತ್ತು. ಅವಳ ಮನೆಯ ಊಟದಿಂದಲ್ಲ. ಇದನ್ನು ಗುರುಲಿಂಗಮ್ಮ ಎಲ್ಲರಿಗೂ ಹೇಳಬೇಕು, ನನಗೆ ಏನಾದರೂ ಆದರೂ. ಐನಾಪುರಕ್ಕೆ ಇವತ್ತೇ ಯಾರಾದರೂ ಹೋಗಿ—