ನನ್ನ ನೆಮ್ಮದಿಗಾಗಿ ಜಡಿದ ಬೀಗ

ಪರವಾನಗಿ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ಕೆಳಗೆ, ನೆಲಮಾಳಿಗೆಯಲ್ಲಿರುವ ಸಂಗೀತದ ಕೋಣೆಯ ಹಿಂಬಾಗಿಲಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದ್ದೀರಿ. ಮುಂದಿನ ಶನಿವಾರದೊಳಗೆ ಅದನ್ನು ತೆಗೆಯಿರಿ. 'ಮೇಲ್ಮಹಡಿಯ ವೃದ್ಧ ನಿವಾಸಿಯ ನೆಮ್ಮದಿಯ ದೃಷ್ಟಿಯಿಂದ' ಎಂದು ನಿಮ್ಮ ಆದೇಶದಲ್ಲಿದೆ. ಮೇಲ್ಮಹಡಿಯಲ್ಲಿರುವುದು ಒಂದೇ ಮನೆ. ಆ ವೃದ್ಧ ನಿವಾಸಿ ನಾನೇ. ನಾನು ದೂರು ಕೊಟ್ಟವಳಲ್ಲ. ನನ್ನನ್ನು ಒಂದು ಮಾತು ಕೇಳದೆ ನನ್ನ ನೆಮ್ಮದಿಯನ್ನು ಸಾಕ್ಷಿಗೆ ಕರೆದವರು ನೀವು. ಇದಕ್ಕೆ ಕೃತಜ್ಞತೆ ಬೇರೆ ಹೇಳಬೇಕೇ?

ಕೆಳಗೆ ನಡೆಯುವುದೇನೆಂದು ತಮಗೆ ತಿಳಿದಿರಲಿಕ್ಕಿಲ್ಲ. ಬೀಗ ಹಾಕಲು ಬಂದವರು ಹಾಡು ಕೇಳಲು ನಿಲ್ಲಲಿಲ್ಲ. ಅದಕ್ಕೆ ಸೈಕಡೆಲಿಕ್ ಸ್ಪೇಸ್ ರಾಕ್ ಎನ್ನುತ್ತಾರೆ. ನನ್ನ ಮಗಳು ಅಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಗಿಟಾರು ಒಂದೇ ಸ್ವರ ಹಿಡಿದು ಎಳೆಯುತ್ತಲೇ ಇರುತ್ತದೆ, ಗೋಡೆಯ ಮೇಲೆ ಬಣ್ಣದ ಬೆಳಕು ಚೆಲ್ಲಿದ ಎಣ್ಣೆಯಂತೆ ಹರಿದಾಡುತ್ತದೆ, ಯಂತ್ರವೊಂದು ಹೊಗೆ ಉಗುಳುತ್ತದೆ, ಕೇಳುವವರು ಕಣ್ಣು ಮುಚ್ಚಿ ನಕ್ಷತ್ರಗಳ ನಡುವೆ ತೇಲುತ್ತಾರಂತೆ. ನಾನು ತೇಲಿದವಳಲ್ಲ. ನನಗೆ ಗೊತ್ತಿರುವುದು ಅಡುಗೆಮನೆಯ ಕಪಾಟಿನಲ್ಲಿ ತಟ್ಟೆಗಳು ಗಿಲಗಿಲ ಅಲುಗುವುದಷ್ಟೇ. ಮೊದಮೊದಲು ಬೈದುಕೊಂಡೆ, ಆಮೇಲೆ ರೂಢಿಯಾಯಿತು. ತಟ್ಟೆ ಅಲುಗುತ್ತಿದ್ದರೆ ಮಗಳು ಕ್ಷೇಮ. ಹೆತ್ತವಳಿಗೆ ಅದಕ್ಕಿಂತ ದೊಡ್ಡ ಸಂಗೀತ ಯಾವುದು?

ಬೀಗದ ಜೊತೆಗೆ ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು ಹಚ್ಚಿಸಿದಿರಿ, ಒಂದು ಪೆಟ್ಟಿಗೆಯನ್ನೂ ಕೂರಿಸಿದಿರಿ. ಸದ್ದು ನಿಮ್ಮ ಮಿತಿ ದಾಟಿದರೆ ಆ ಪೆಟ್ಟಿಗೆ ಇಡೀ ಕೋಣೆಯ ಕರೆಂಟು ಕಡಿಯುತ್ತದೆ. ಗಿಟಾರಿನದು ಮಾತ್ರವಲ್ಲ, ಹೊಗೆ ಹೊರದೂಡುವ ಫ್ಯಾನು, ದಾರಿ ತೋರುವ ದೀಪ, ಎಲ್ಲದರದೂ. ನೆಗಡಿ ಬಂತೆಂದು ಮೂಗು ಕೊಯ್ಯುವುದು ಗಾದೆಯಲ್ಲಿ ಮಾತ್ರ ಇದೆಯೆಂದು ತಿಳಿದಿದ್ದೆ.

ಅವರದೊಂದು ಉದ್ದನೆಯ ಹಾಡಿದೆ. ಏರುತ್ತಾ ಏರುತ್ತಾ ಹೋಗಿ ನಡುವೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ, ದೀಪ ಆರಿಸುತ್ತಾರೆ. ಸ್ವಲ್ಪ ಹೊತ್ತು ಕತ್ತಲು, ಮೌನ. ಆಮೇಲೆ ಡ್ರಮ್ ಒಂದೇ ಮೆಲ್ಲಗೆ ಶುರುವಾಗುತ್ತದೆ. ಕಳೆದ ಪ್ರದರ್ಶನದಲ್ಲಿ ಹಾಡು ಆ ತುದಿ ಮುಟ್ಟುವ ಮೊದಲೇ ನಿಮ್ಮ ಪೆಟ್ಟಿಗೆ ಕರೆಂಟು ಕಡಿಯಿತು. ನನ್ನ ತಟ್ಟೆಗಳು ನಿಂತವು. ಹಾಡಿನ ಮೌನವಿರಬೇಕೆಂದು ನಾನು ಪಾತ್ರೆ ತೊಳೆಯುತ್ತಾ ಕಾದೆ. ಕೆಳಗಿನ ಜನರೂ ಹಾಗೆಯೇ ಕಾದರು. ಕರೆಂಟು ಹೋಗುವ ಮುಂಚೆಯೇ ವೇದಿಕೆಯ ಹಿಂದೆ ಕಾದ ತಂತಿಯೊಂದರ ಕಿಡಿ ನಿಮ್ಮ ಸ್ಪಂಜಿಗೆ ತಾಗಿತ್ತು. ಹೊಗೆ ಎದ್ದಿತು, ಯಂತ್ರದ್ದೆಂದುಕೊಂಡರು. ಸುಟ್ಟ ವಾಸನೆ ಬಂತು. ಇದೂ ಹೊಸ ಚಮತ್ಕಾರವೆಂದುಕೊಂಡರು. ಆಗ ಕತ್ತಲಲ್ಲಿ ಧಬ್, ಧಬ್, ಧಬ್ ಎಂದು ಬಡಿತ ಶುರುವಾಯಿತು. ಜನ ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟತೊಡಗಿದರು.

ಅದು ಡ್ರಮ್ ಅಲ್ಲ, ಮಾನ್ಯರೇ. ಡ್ರಮ್ಮಿನವರು ಕೂರುವುದು ಆ ಹಿಂಬಾಗಿಲಿಗೆ ಬೆನ್ನು ಮಾಡಿ. ಹೊಗೆಯಲ್ಲಿ ಮುಂದಿನ ದಾರಿ ಕಾಣದೆ ನನ್ನ ಮಗಳು ನೀವು ಬೀಗ ಹಾಕಿದ ಬಾಗಿಲನ್ನು ಎರಡೂ ಕೈಯಲ್ಲಿ ಗುದ್ದುತ್ತಿದ್ದಳು. "ಯಾರಾದ್ರೂ ತೆಗೀರೋ" ಎಂದು ಕೂಗಿದರೆ ಜನವೂ ಸಂತೋಷದಿಂದ "ಓ" ಎಂದು ಕೂಗಿತಂತೆ.

ಬಡಿತ ನನಗೂ ಕೇಳಿಸಿತು, ಆದರೆ ತಟ್ಟೆ ಅಲುಗಲಿಲ್ಲ. ಡ್ರಮ್ಮಾಗಿದ್ದರೆ ಅಲುಗಬೇಕಿತ್ತು. ಒದ್ದೆ ಕೈಯಲ್ಲೇ ಮೆಟ್ಟಿಲಿಳಿದು ಮುಂಬಾಗಿಲು ತಳ್ಳಿ, ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ "ಬೆಂಕಿ" ಎಂದು ಕಿರುಚಿದೆ. ಚಪ್ಪಾಳೆ ನಿಂತಿತು. ಗುಂಡಿ ತಿರುಗಿಸಿ ಸೌಂಡ್ ನೋಡಿಕೊಳ್ಳುವ, ಎಲ್ಲರೂ ಗುಂಡಿಮಾಮ ಎಂದು ಕರೆಯುವ ಮನುಷ್ಯ ಹೊಗೆಯೊಳಗೆ ನುಗ್ಗಿ ಅವಳನ್ನು ಎಳೆದು ತಂದ. ಒದ್ದೆ ಕಂಬಳಿ ಹೊದಿಸಿ ಬೆಂಕಿ ಆರಿಸಿದರು. ಯಾರೂ ಸಾಯಲಿಲ್ಲ. ನಿಮ್ಮ ಕಚೇರಿಯ ಲೆಕ್ಕದಲ್ಲಿ ಏನೂ ನಡೆದೇ ಇಲ್ಲದಿರಲು ಅದೇ ಕಾರಣವಿರಬೇಕು.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಸಹಾಯಕರು ಬಹಳ ವಿನಯವಂತರು.

"ಬೀಗ ತೆಗೆದ್ರೆ ಮತ್ತೆ ಸದ್ದು ಬರುತ್ತಲ್ಲಮ್ಮಾ. ನಿಮಗೇ ತೊಂದ್ರೆ."

"ನನಗೇನೂ ತೊಂದ್ರೆ ಇಲ್ಲಪ್ಪಾ."

"ಇದೆ ಅಂತ ಆದೇಶದಲ್ಲೇ ಬರ್ದಿದೆಯಲ್ಲಮ್ಮಾ."

ನನ್ನ ತೊಂದರೆ ನನಗಿಂತ ಚೆನ್ನಾಗಿ ನಿಮ್ಮ ಕಾಗದಕ್ಕೆ ಗೊತ್ತಿದೆ. ಮುದ್ರೆ ಮುರಿದರೆ ಜೈಲೆಂದು ಅದೇ ಕಾಗದದಲ್ಲಿರುವುದರಿಂದ ಕೋಣೆಯ ಮಾಲೀಕ ಬೀಗ ಮುಟ್ಟಲು ನಡುಗುತ್ತಾನೆ.

ಶನಿವಾರ ಅವರು ಮತ್ತೆ ಅಲ್ಲೇ ಬಾರಿಸುತ್ತಾರೆ. ಇವರಿಗೆ ಜಾಗ ಕೊಡುವ ಕೋಣೆ ಈ ಊರಲ್ಲಿ ಇನ್ನೊಂದಿಲ್ಲ. ಮಗಳ ಎರಡೂ ಕೈಗೆ ಇನ್ನೂ ಪಟ್ಟಿ ಇದೆ. "ಹೋಗ್ಬೇಡ ಕಣೇ" ಎಂದೆ. "ಹಾಡು ಅರ್ಧಕ್ಕೇ ನಿಂತಿದೆ ಅಮ್ಮ, ಮುಗಿಸ್ಬೇಕು" ಎಂದಳು. ಅವಳ ಹಟ ನನ್ನಿಂದಲೇ ಬಂದದ್ದು, ತಡೆಯುವುದು ನನ್ನ ಕೈಲಾಗದು. ನನಗೆ ಭಯವಾಗುತ್ತಿದೆ. ಇದನ್ನು ಸುತ್ತಿ ಬಳಸಿ ಹೇಳಲಾರೆ.

ಆದ್ದರಿಂದ ಬೀಗದ ಕೈ ಕಳಿಸಿ. ಆಗದಿದ್ದರೆ ಶನಿವಾರ ಸಂಜೆ ತಾವೇ ನಮ್ಮ ಮನೆಗೆ ಬನ್ನಿ. ಅಡುಗೆಮನೆಯಲ್ಲಿ ಕುರ್ಚಿ ಹಾಕಿಟ್ಟಿರುತ್ತೇನೆ. ಹಾಡಿನ ನಡುವೆ ತಟ್ಟೆಗಳು ನಿಲ್ಲುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಬಡಿತ ಕೇಳುತ್ತದೆ. ಅದು ಡ್ರಮ್ಮೋ, ಬಾಗಿಲೋ, ಆಗ ನನಗೆ ನೀವೇ ಹೇಳಬೇಕು.

ಇಂತಿ,
ನೀವು ದಯಪಾಲಿಸಿದ ನೆಮ್ಮದಿಯಲ್ಲಿ ನಿದ್ದೆಗೆಟ್ಟಿರುವ
ಮೇಲ್ಮಹಡಿಯ ವೃದ್ಧ ನಿವಾಸಿ