ನೀರು ಯಾವ ಕೈಗೆ

ಜುಲೈ 3, ಗುರುವಾರ. ಬೆಳಿಗ್ಗೆ 8

ಸುಂದರೇಶ ಎಂಬ ನಾನು, ಚಾಮರಾಜಪುರಂ ನಿವಾಸಿ, ನಿವೃತ್ತ ಕನ್ನಡ ಅಧ್ಯಾಪಕ, ಸ್ವಸ್ಥಚಿತ್ತದಿಂದ ತಪ್ಪೊಪ್ಪಿಕೊಳ್ಳುತ್ತೇನೆ: ಈ ದಿನ ಆರೂಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆ ಗೇಟಿನ ಬೆಂಚಿನಿಂದ ಕಪ್ಪು ಕೊಡೆಯೊಂದನ್ನು ಕದ್ದೆ. ಜವಳಿ ಅಂಗಡಿ ಸಿದ್ದಲಿಂಗಸ್ವಾಮಿಯದು ಎಂದು ಗೊತ್ತಿದ್ದೇ ಕದ್ದೆ. ವಾಪಸು ಕೇಳಿದರೆ ವ್ಯಾಕರಣಬದ್ಧ ಉತ್ತರ ಸಿದ್ಧವಿದೆ — ಕೊಡೆ ಕೊಡೆ.

ಅವನು ಮಳೆಯಲ್ಲಿ ನೆನೆಯುತ್ತಾ ಹೋದ. ನನ್ನನ್ನೇ ನೆನೆಯುತ್ತಾ ಹೋದನೋ ಏನೋ.

ಕಾರಣವಿದೆ. ನವೆಂಬರ್‌ನಲ್ಲಿ ನಮ್ಮ ವಾಕಿಂಗ್ ಗುಂಪು ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನ ಕಾಲುದಾರಿಯಲ್ಲಿ ನಡೆಯಲಿದೆ. ಹನ್ನೆರಡು ಜನ. ಲೀಡರ್ ನಾನೇ. ಹತ್ತು ವರ್ಷದ ಹಿಂದೆ ಅದೇ ದಾರಿಯನ್ನು ಸುರಿಮಳೆಯಲ್ಲಿ, ಕೊಡೆಯಿಲ್ಲದೆ, ಒಬ್ಬನೇ ನಡೆದವನು! ನಿನ್ನೆ ಇದನ್ನು ಕೇಳಿ ಎಲ್ಲರೂ ತಲೆದೂಗುತ್ತಿರುವಾಗ ಈ ಸಿದ್ದಲಿಂಗಸ್ವಾಮಿ ಕೇಳಿದ, ಸಮುದ್ರ ಯಾವ ಕೈಗೆ ಬರುತ್ತದೆ ಎಂದು. ಬಲಗೈಗೆ ಎಂದೆ. ನಕ್ಕ. ಅರ್ಧ ಮೀಟರ್ ನಗು, ಅಳೆದು ಹರಿದದ್ದು.

ಜುಲೈ 4

ಕೆರೆಯನ್ನು ನಾವೆಲ್ಲ ದೇವರಂತೆ ಬಲಕ್ಕಿಟ್ಟುಕೊಂಡೇ ಸುತ್ತುವವರು. ಇವತ್ತಿನಿಂದ ಅವನು ಉಲ್ಟಾ. ಒಂದು ಸುತ್ತಿಗೆ ಎರಡು ಸಲ ಆ ಮೋರೆ ಎದುರು. ನನ್ನನ್ನು ಕಾಡಲಿಕ್ಕೇ ಈ ಅಪ್ರದಕ್ಷಿಣೆ.

ಮೂಲೆಯಲ್ಲಿರುವ ಕೊಡೆ ಯಾರದು ಎಂದಳು ಹೆಂಡತಿ ವೇದವತಿ. ಕಾಲೇಜಿನದು ಎಂದೆ. ರಿಟೈರಾಗಿ ಎಂಟು ವರ್ಷದ ಮೇಲೆ ಕೊಟ್ಟರಾ, ಎಂದಳು.

ಜುಲೈ 9, ಬುಧವಾರ

ನಾಲ್ಕು ದಿನ ಮಳೆ, ಹೋಗಲಿಲ್ಲ. ಇವತ್ತೂ ಮಳೆ, ಹೋದೆ — ಅವನ ಕೊಡೆಯಲ್ಲೇ. ಏರಿಯ ಮೇಲೆ ನರಪಿಳ್ಳೆಯಿಲ್ಲ. ಅರ್ಧ ಸುತ್ತಿಗೆ ಎದುರು ಬಂದ. ತಲೆಗೆ ಟವೆಲ್, ಮೈಯೆಲ್ಲ ನೀರು. ದಾರಿ ಕಿರಿದು, ಎರಡೂ ಕಡೆ ಕೆಸರು. ನಾನು ಸರಿಯಲಿಲ್ಲ. ಅವನೂ ಸರಿಯಲಿಲ್ಲ. "ಕೊಡೆ ಕೊಡೆ" ನಾಲಿಗೆ ತುದಿಯಲ್ಲಿತ್ತು...

"ಕೊಡೆ ಇಟ್ಕಳಿ ಮೇಷ್ಟ್ರೇ," ಎಂದ. "ತಿರುಕ್ಕೊಂಡು ನನ್ ಜೊತೆ ಬನ್ನಿ. ಈಗ ನೀರು ಎಡಗೈಗೆ ಬತ್ತದೆ. ಕುಮಟಾದಿಂದ ಗೋಕರ್ಣಕ್ಕೆ ಹೋದ್ರೂ ಅಂಗೇ."

ಉತ್ತರಕ್ಕೆ ನಡೆದರೆ ಪಡುವಣ ಎಡಕ್ಕೆ. ಪಡುವಣ ಕಡಲು ಎಂದು ಮೂವತ್ತು ವರ್ಷ ಪಾಠ ಮಾಡಿದವನಿಗೆ ಪಡಬಾರದ ಪಾಡು. ಅವತ್ತು ಬಲ ಎಂದದ್ದು ನಾನಲ್ಲ, ಕುಕ್ಕರಹಳ್ಳಿ ಸುತ್ತಿದ ಕಾಲು.

ತಿರುಗಲಿಲ್ಲ; ಕೊಡೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದೆ.

"ನಮ್ಮನೆಯವ್ರು ನೀಲಮ್ಮನೂ ಬತ್ತಾರೆ. ಮಂಡಿ ಆಪರೇಶನ್ ಆಗೈತೆ. ಆ ಕಡಲಂಚಿನ ಬಂಡೆ ಮೇಲೆ ನಿಮ್ಮನ್ನ ನಂಬ್ಕೊಂಡು ಕಾಲಿಡೋರು. ಆ ದಾರಿ ನಡ್ದಿಲ್ಲ ಅಂತ ಭಾನುವಾರದ ಮೀಟಿಂಗ್‌ನಲ್ಲಿ ನೀವೇ ಹೇಳ್ಬುಡಿ. ಇಲ್ಲಾಂದ್ರೆ ನಾನ್ ಹೇಳ್ತೀನಿ."

ಕೆಸರಿಗಿಳಿದು ನನ್ನನ್ನು ದಾಟಿ ಹೋದ. ಕೊಡೆಯ ಕಡೆ ನೋಡಲೂ ಇಲ್ಲ, ದರಿದ್ರದವನು.

ಜುಲೈ 12, ಶನಿವಾರ. ಸಂಜೆ

ನಾಳೆ ಮೀಟಿಂಗ್. ಈಗಲೇ ಗ್ರೂಪಿಗೆ ಮೆಸೇಜ್ ಹಾಕಿದರೆ ಮುಖ ತೋರಿಸುವುದು ತಪ್ಪುತ್ತದೆ. "ದಾರಿ ಸ್ವಲ್ಪ ಮರೆತಿದೆ" — ಅಳಿಸಿದೆ. "ಅರ್ಧ ದಾರಿ ಮಾತ್ರ ನಡೆದದ್ದು" — ಅದನ್ನೂ.

ಆ ಮಂಡಿ ಕಣ್ಣಿಗೆ ಕಟ್ಟುತ್ತಿದೆ. ನೀಲಮ್ಮನವರನ್ನು ಸರಿಯಾಗಿ ಮಾತಾಡಿಸಿದವನೂ ಅಲ್ಲ ನಾನು.

ಸರಿ, ಮೊದಲು ಇಲ್ಲಿ ಬರೆದು ಅಭ್ಯಾಸ. ಹತ್ತು ವರ್ಷದ ಹಿಂದೆ ಕುಮಟಾ ಬಸ್ ನಿಲ್ದಾಣ. ಜಡಿಮಳೆ. ಕಿಟಕಿ ಗಾಜಿಗೆ ಆವಿ. ಸಮುದ್ರ ಯಾವ ಕೈಗಿತ್ತೋ ಕಂಡವನಲ್ಲ. ಬಸ್ಸಿನಿಂದ ಇಳಿಯಲೇ ಇಲ್ಲ. ಮತ್ತೆ ಟಿಕೆಟ್ ತೆಗೆದು ಕಾರವಾರದವರೆಗೂ ಕೂತೇ ಹೋದೆ. ಯಾಕೆಂದರೆ ನನ್ನ ಹತ್ತಿರ ಕೊಡೆ —