ಅಂಬಿಕಾ ನುಡಿಸಿದ ಆ ಸಾಲು

ಗೌತಮ,

ನೀನು ತೀರಿಕೊಂಡು ಎರಡು ವರ್ಷವಾದರೂ ನಿನ್ನ ಮೇಲಿನ ನನ್ನ ಅನುಮಾನ ಇವತ್ತು ಸಂಜೆಯವರೆಗೂ ಹೋಗಿರಲಿಲ್ಲ.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ನಮ್ಮ ತಂಡದ ತಾಲೀಮಿತ್ತು. ಈಗಲೂ ಜಾಝನ್ನೂ ಹೊಸ ಕಾಲದ ಪಾಶ್ಚಾತ್ಯ ಶಾಸ್ತ್ರೀಯವನ್ನೂ ಬೆರೆಸುತ್ತೇವೆ. ನಿಯಮವೂ ಅದೇ: ಮನೆಯಿಂದ ಯಾರೂ ಏನನ್ನೂ ಸಿದ್ಧಮಾಡಿಕೊಂಡು ಬರಬಾರದು, ಆ ಕ್ಷಣಕ್ಕೆ ಹುಟ್ಟಿದ್ದನ್ನೇ ನುಡಿಸಬೇಕು. ನಿನ್ನ ಜಾಗಕ್ಕೆ ಬಂದ ಅಂಬಿಕಾ ಕ್ಲಾರಿನೆಟ್ ಎತ್ತಿದಳು. ನಡುವೆ ಬಂತು ನೋಡು, ಅದೇ ಏಳು ಸ್ವರಗಳ ಸಾಲು. ಅದನ್ನು ನೀನು ಎರಡು ತಾಲೀಮಿನಲ್ಲಿ ನುಡಿಸಿದ್ದಕ್ಕೇ, ಮನೆಯಲ್ಲಿ ಸಿದ್ಧಮಾಡಿಕೊಂಡು ಬಂದಿದ್ದೀಯೆಂದು ನಾನು ನಿನ್ನನ್ನು ತಂಡದಿಂದ ಹೊರಹಾಕಿದ್ದು.

ಅವಳೂ ನಿನ್ನಂತೆ ಕಮಲಾಪುರದವಳು. ನಾನು ಪಿಯಾನೋ ನಿಲ್ಲಿಸಿದೆ.

“ಇದನ್ನ ಗೌತಮ ಕಲಿಸ್ಯಾನಲ್ಲ? ಖರೇ ಹೇಳು.”

“ಅವರ ಮುಖಾನೂ ನೋಡಿಲ್ರೀ ಸರ್. ನೀವೇ ದಿನಾ ಪಿಯಾನೋ ಒರಸೂವಾಗ ಇದನ್ನ ಗುನುಗ್ತೀರಿ. ಕಿವ್ಯಾಗ ಕುಂತಿತ್ತು, ಬಂದ್ಬಿಡ್ತು.”

ನಂಬದೆ ಡ್ರಮ್ಸಿನ ಮರೆಪ್ಪನ ಕಡೆ ತಿರುಗಿದೆ.

“ಗೌತಮ ಬರೂಕಿಂತ ಮೊದಲಿಂದನೂ ನೀ ಇದನ್ನ ಗುನುಗ್ತಿ,” ಎಂದ. “ನಿನಗ ಗೊತ್ತಿಲ್ಲೇನು?”

ಹೊರಹಾಕಿದ ದಿನ ನೀನು ಕ್ಲಾರಿನೆಟ್ ಕೆಳಗಿಟ್ಟು ಏನೋ ಹೇಳಲು ಬಾಯಿ ತೆರೆದಿದ್ದೆ. ನಾನು ಆಗಲೇ ಮುಂದಿನದನ್ನು ನುಡಿಸಲು ಶುರುಮಾಡಿದ್ದೆ.